ಏಳನೇ ಮನೆಯ ಮಂಗಳ

ಬಾಯಿ ಮುಚ್ಚಿಕೊಂಡಿರುವುದು ಸಂತೇಬೆನ್ನೂರಿನ ಮುರುಗೇಶಪ್ಪ ಮೇಷ್ಟ್ರಿಗೆ ಹುಟ್ಟಿದಾಗಿನಿಂದ ಬಾರದ ವಿದ್ಯೆ. ಆದರೂ ಆ ಭಾನುವಾರ ಒಂದು ದಿನ ಸುಮ್ಮನಿರುತ್ತೇನೆಂದು ಮಗಳು ನಿರ್ಮಲಳ ತಲೆ ಮುಟ್ಟಿ ಮಾತು ಕೊಟ್ಟಿದ್ದರು.

ಕೊಡದೆ ಗತಿಯಿರಲಿಲ್ಲ. ಎಪ್ಪತ್ತೇಳನೇ ಇಸವಿಗೆ ನಿರ್ಮಲಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಅವಳ ಜಾತಕದ ಏಳನೇ ಮನೆಯಲ್ಲಿ ಮಂಗಳ ಕೂತಿದ್ದಾನೆ, ಕಟ್ಟಿಕೊಂಡ ಗಂಡ ಉಳಿಯುವುದಿಲ್ಲ ಎಂದು ಎಂಟು ಕಡೆಯವರು ಕೈಬಿಟ್ಟಿದ್ದರು. ಚನ್ನಗಿರಿಯವರು, ಹೊನ್ನಾಳಿಯವರು, ನ್ಯಾಮತಿಯವರು, ಎಲ್ಲರೂ ಉಪ್ಪಿಟ್ಟು ತಿಂದು, ಕಾಗದ ಬರೆಯುತ್ತೇವೆಂದು ಹೇಳಿ ಹೋದವರೇ. ಒಬ್ಬರೂ ಬರೆಯಲಿಲ್ಲ. ಈಗ ಬಂದಿದ್ದು ಜಗಳೂರಿನ ಸಂಬಂಧ. ಹುಡುಗ ಓಂಕಾರಪ್ಪ ಅಲ್ಲಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ತಂದೆಯಿಲ್ಲದ ಅವನಿಗೆ ಸೊಕ್ಕೆ ಹಳ್ಳಿಯ ಸೋದರಮಾವ ಗಾದ್ರಪ್ಪನೇ ಹಿರಿಯ. ಹೋದ ತಿಂಗಳು ಹೆಣ್ಣು ನೋಡಲು ಬಂದಾಗ ಓಂಕಾರಪ್ಪ ಹಿತ್ತಿಲಲ್ಲಿ ಕುಂಟುತ್ತಿದ್ದ ಕರುವಿನ ಗೊರಸಿನಿಂದ ಮುಳ್ಳು ಕಿತ್ತುಕೊಟ್ಟಿದ್ದ. ಕರು ಹಿಡಿದುಕೊಂಡಿದ್ದವಳು ನಿರ್ಮಲ. ಆಮೇಲೆ ಒಂದು ವಾರ ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದುದನ್ನು ಮೇಷ್ಟ್ರು ಕೇಳಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಹಾಡಿರಲಿಲ್ಲ.

ಗಾದ್ರಪ್ಪ ಜಾತಕ ನೋಡಿ ಓಡಿಹೋಗಲಿಲ್ಲ. ಹುಡುಗಿಗೆ ಮೊದಲು ಬಾಳೆಗಿಡದ ಜತೆ ಮದುವೆ ಮಾಡಿಸಿ, ಗಿಡ ಕಡಿದುಬಿಟ್ಟರೆ ದೋಷವೆಲ್ಲ ಅದರ ಪಾಲಿಗೆ ಹೋಗುತ್ತದೆ, ಆಮೇಲೆ ನಮ್ಮ ಹುಡುಗ ತಾಳಿ ಕಟ್ಟುತ್ತಾನೆ ಎಂದು ಹೇಳಿಕಳಿಸಿದ. ಮೇಷ್ಟ್ರು ಕೆಂಡವಾದರು. ವಿಜ್ಞಾನ ಪಾಠ ಮಾಡುವವನ ಮಗಳು ಬಾಳೆಗಿಡದ ಹೆಂಡತಿಯಾಗುವುದೇ!

"ಒಂದು ಗಿಡ, ಅರ್ಧ ಗಂಟೆ ಅಪ್ಪ," ಎಂದಳು ನಿರ್ಮಲ. "ನಿಮ್ಮ ಕಾಲಿಗೆ ಬೀಳ್ತೀನಿ, ಹೂಂ ಅಂದುಬಿಡ್ರಿ. ಇದೂ ತಪ್ಪಿದ್ರೆ ನನಗೆ ಇನ್ನೊಂದು ಬರಲ್ಲ."

ಭಾನುವಾರ ಮಾವ ಅಳಿಯ ಇಬ್ಬರೂ ಬೆಳಗಿನ ಬಸ್ಸಿಗೆ ಬಂದರು. ಮೇಷ್ಟ್ರು ಮಳೆ ವಿಚಾರಿಸಿದರು, ಬೆಳೆ ವಿಚಾರಿಸಿದರು. "ಬಾಳೆಗಿಡದ್ದು ಬರೋ ಸೋಮವಾರ ಮುಗಿಸಿಬಿಡಾಣ," ಎಂದು ಗಾದ್ರಪ್ಪ ಅಂದಾಗ ಉಗುಳು ನುಂಗಿ "ಹೂಂ" ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಾದ್ರಪ್ಪನ ಕಣ್ಣು ಗೋಡೆಗೆ ಅಂಟಿಸಿದ್ದ ಪೇಪರ್ ಚೂರಿನ ಮೇಲೆ ಬಿತ್ತು.

"ಇದೇನ್ ಸಾರ್, ನಮ್ಮ ಸೊಕ್ಕೆ ಹೊಲದ ಫೋಟೋ ಇದ್ದಂಗೈತೆ?"

ಹೌದು ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಮೇಷ್ಟ್ರ ನಾಲಿಗೆ ಕೇಳಬೇಕಲ್ಲ.

"ಅದು ಮಂಗಳ ಗ್ರಹ, ರೀ! ಹೋದ ವರ್ಷ ಅಮೆರಿಕದೋರ ಯಂತ್ರ ಅಲ್ಲಿಗೇ ಹೋಗಿ ಇಳಿದು ತೆಗೆದದ್ದು. ನೋಡ್ರಿ, ಬರೀ ಕಲ್ಲು ಮಣ್ಣು. ಇದು ಯಾರ ಗಂಡನ್ನ ತಿನ್ನಾಕೆ ಬರ್ತೈತೆ?"

ಒಳಗೆ ನಿರ್ಮಲ ಬಳೆ ಸದ್ದು ಮಾಡಿದಳು. ಮೇಷ್ಟ್ರಿಗೆ ಕೇಳಿಸಿತು, ಆದರೆ ಆಗಲೇ ಅವರು ತರಗತಿಯೊಳಗೆ ಕಾಲಿಟ್ಟಾಗಿತ್ತು.

"ಹಂಗಾದ್ರೆ ಎಲ್ರೂ ಯಾಕೆ ಹೆದರ್ತಾರೆ ಸಾರ್?"

"ಕೆಂಪಗೆ ಕಾಣ್ತೈತಲ್ಲ, ಅದಕ್ಕೆ. ಇಂಗ್ಲಿಷಿನಾಗೆ ಇದಕ್ಕೆ ಮಾರ್ಸ್ ಅಂತಾರೆ. ರೋಮ್ ದೇಶದ ಯುದ್ಧದ ದೇವರ ಹೆಸರದು. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಯೋರು ಕೆಂಪು ಚುಕ್ಕಿ ಕಂಡ್ರು, ರಕ್ತ ನೆನಪಾತು, ಆ ದೇವರ ಹೆಸರಿಟ್ರು. ಬರೀ ಹೆಸರು ರೀ, ಮನುಷ್ಯರು ಇಟ್ಟಿದ್ದು!"

ಗಾದ್ರಪ್ಪ ಕಾಫಿ ಲೋಟ ಕೆಳಗಿಟ್ಟ. "ಅವರಿಗೆ ನಮ್ಮ ಪಂಚಾಂಗ ಯಾರು ಕೊಟ್ಟಿದ್ರು?"

"ಯಾರೂ ಇಲ್ಲ! ಅವರಿಗೆ ನಮ್ಮ ಪಂಚಾಂಗದ ಗಾಳೀನೂ ತಾಕಿರಲಿಲ್ಲ," ಎಂದರು ಮೇಷ್ಟ್ರು, ಗೆದ್ದವರ ದನಿಯಲ್ಲಿ.

ಗಾದ್ರಪ್ಪ ಎದ್ದು ನಿಂತ. "ನಾನು ಇದನ್ನ ಜೋಯಿಸರ ಹೊಟ್ಟೆಪಾಡು ಅಂದ್ಕೊಂಡು ಧೈರ್ಯ ಮಾಡಿದ್ದೆ ಸಾರ್. ನಮ್ಮನ್ನ ಕಾಣದ ದೇಶದೋರೂ ಅದನ್ನ ರಕ್ತ ಅಂತಾನೇ ಕಂಡಾರೆ ಅಂದ್ರೆ ಇದು ಸುಳ್ಳಲ್ಲ. ನೀವು ಓದಿದೋರು ಹೇಳಿದ್ರಿ, ಒಳ್ಳೇದಾತು. ನನ್ನ ತಂಗಿಗೆ ಇರೋನು ಒಬ್ಬನೇ ಮಗ."

ಮೇಷ್ಟ್ರು ಅಡ್ಡ ಬಂದರು. "ಅಲ್ಲ ರೀ, ಕೇಳ್ರಿ, ಮೊದಲು ಅವನು ಹೊಲ ಕಾಯೋ ದೇವರು! ದನಕರು ಚೆನ್ನಾಗಿರಲಿ ಅಂತ ರೈತರು ಅವನಿಗೆ ಕೈ ಮುಗೀತಿದ್ರು. ಮಾರ್ಚ್ ತಿಂಗಳಿಗೆ ಅವನದ್ದೇ ಹೆಸರು..." ಅದೂ ನಿಜವೇ. ಆದರೆ ಈಗ ಅದು ಮುಗ್ಗಲು ಕಾಳು ಮಾರುವವನ ಮಾತಿನಂತೆ ಕೇಳಿಸಿತು. ಓಂಕಾರಪ್ಪ ಒಮ್ಮೆ ಒಳಬಾಗಿಲಿನ ಕಡೆ ನೋಡಿದ, ಒಮ್ಮೆ ಮಾವನ ಮುಖ ನೋಡಿದ, ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡ.

ಮೇಷ್ಟ್ರು ಬಸ್ಸಿನವರೆಗೂ ಹಿಂದೆ ಓಡಿದರು. ತಮ್ಮ ಶಿಷ್ಯರೂ ಶಿಷ್ಯರ ಅಪ್ಪಂದಿರೂ ನೋಡುತ್ತಿದ್ದಂತೆಯೇ ಗಾದ್ರಪ್ಪನ ಎರಡೂ ಕೈ ಹಿಡಿದುಕೊಂಡರು. "ಒಂದಲ್ಲ, ಹತ್ತು ಬಾಳೆಗಿಡಕ್ಕೆ ಮದುವೆ ಮಾಡ್ತೀನಿ. ನಾನು ಹೇಳಿದ್ದೆಲ್ಲ ಸುಳ್ಳು ಅಂದ್ಕೊಳ್ರಿ."

"ಬಿಡ್ರಿ ಸಾರ್, ದೊಡ್ಡೋರು ನೀವು," ಎಂದು ಅವನು ಕೈ ಬಿಡಿಸಿಕೊಂಡು ಬಸ್ಸು ಹತ್ತಿದ.

ಮನೆಗೆ ಬಂದಾಗ ನಿರ್ಮಲ ಪಡಸಾಲೆಯಲ್ಲಿ ಕೂತಿದ್ದಳು. ಅಳುತ್ತಿರುತ್ತಾಳೆ ಎಂದುಕೊಂಡಿದ್ದರು. ಅಳುತ್ತಿರಲಿಲ್ಲ.

"ಅಪ್ಪ, ಜಾತಕಾನ ನೀವು ಯಾವತ್ತೂ ನಂಬಲ್ಲ, ಅಲ್ವಾ?"

"ಇಲ್ಲವ್ವ."

"ಹಂಗಾದ್ರೆ ನಾನು ಹುಟ್ಟಿದಾಗ ಯಾಕೆ ಬರೆಸಿದ್ರಿ?"

ಯಾರೂ ಬಲವಂತ ಮಾಡಿರಲಿಲ್ಲ. ಮೊದಲ ಮಗು ಹುಟ್ಟಿದ ಖುಷಿಗೆ, ಅದಕ್ಕೆ ಯಾವುದೂ ಕಡಿಮೆಯಾಗಬಾರದೆಂದು, ಗಳಿಗೆ ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಚನ್ನಗಿರಿಯ ಜೋಯಿಸರ ಮನೆಗೆ ಅವರೇ ಹೋಗಿದ್ದರು. ಅದನ್ನು ಈಗ ಹೇಗೆ ಹೇಳುವುದು?

"ಬರೆಸಿದ್ರಿ, ಹೋಗ್ಲಿ," ಎಂದಳು ಅವಳು. "ಒಂದು ದಿನ ಒಲೆಗೆ ಹಾಕಬಹುದಿತ್ತಲ್ಲ? ಜಾತಕ ಇಲ್ಲ ಅಂದಿದ್ರೆ ಮುಗೀತಿತ್ತು. ಬಂದೋರಿಗೆಲ್ಲ ನೀವೇ ತೆಗೆದು ತೋರಿಸಿದ್ರಿ. ಇದು ಸುಳ್ಳು ಅಂತ ವಾದ ಮಾಡಾಕೆ ನಿಮಗೆ ಅದು ಬೇಕಾಗಿತ್ತು, ಅಪ್ಪ."

ಅಲ್ಲ ಎನ್ನಬೇಕೆಂದುಕೊಂಡರು. ಪ್ರತಿ ಸಲವೂ ಪೆಟ್ಟಿಗೆ ತೆರೆದು ಅದನ್ನು ಹೊರಗೆ ತರುವಾಗ ತಮಗಾಗುತ್ತಿದ್ದ ಹುರುಪು ನೆನಪಾಯಿತು. ನಿರ್ಮಲ ಎದ್ದು, ಬಂದವರಿಗೆಂದು ಹಾಸಿದ್ದ ಜಮಖಾನ ಮಡಚತೊಡಗಿದಳು.