ಉಪಾಧಿಕಾರಿಗಳ ಬಂಧನ ಮತ್ತು ಬಿಡುಗಡೆ

೨೦೧೯ರ ಜೂನ್ ಇಪ್ಪತ್ತಾರು, ಬುಧವಾರ. ಬೆಟ್ಟದ ಮೇಲಿನ ಊರು ಐನ್ ಝರ್ಗಾದ ಸಂಸ್ಕೃತಿ ಭವನದಲ್ಲಿ ಕುರ್ಚಿಗಳು ಎಂಬತ್ತು, ಕುಳಿತವರು ಮೂವತ್ತನಾಲ್ಕು. ಚಿತ್ರಹಿಂಸೆಗೆ ತುತ್ತಾದವರ ದಿನವನ್ನು ಮಾಜಿ ಕೈದಿಗಳ ಸಂಘ ಪ್ರತಿವರ್ಷ ಒಂದೇ ಕ್ರಮದಲ್ಲಿ ಆಚರಿಸುತ್ತಿತ್ತು. ಸರ್ಕಾರದಿಂದ ಒಬ್ಬರು ಬರುವರು, ಉದ್ಘಾಟಿಸುವರು, ಫೋಟೋ ತೆಗೆಸಿಕೊಂಡು ಹೊರಡುವರು. ನೊಂದವರ ಮಾತು ಅನಂತರ ಆರಂಭ. ಅದನ್ನು ಕೇಳಲು ಉಳಿಯುತ್ತಿದ್ದವರೂ ನೊಂದವರೇ. ಒಬ್ಬರ ಕಥೆ ಇನ್ನೊಬ್ಬರಿಗೆ ಬಾಯಿಪಾಠ.

ಮಬ್ರೂಕಾಳ ಸರದಿ ಕೊನೆಯದು. ಅವಳ ತಮ್ಮ ಬೆಲ್ಗಾಸೆಮ್ ೧೯೯೧ರಲ್ಲಿ ಊರಿನ ಹಳೆಯ ಠಾಣೆಯೊಳಗೆ ನಡೆದುಹೋದವನು ಹೆಣವಾಗಿ ಹೊರಬಂದಿದ್ದ. ಸರ್ಕಾರದ ಕಡೆಯವನೊಬ್ಬ ಎದುರು ಕುಳಿತು ಅದನ್ನು ಕೇಳಬೇಕು, ಕೇಳಿ ತಪ್ಪಾಯಿತೆನ್ನಬೇಕು. ಅವಳ ಆಸೆ ಇಷ್ಟೇ. ಆದರೆ ಆ ಎದುರಿನ ಕುರ್ಚಿ ಎಂದೂ ಅರ್ಧ ಗಂಟೆಗಿಂತ ಹೆಚ್ಚು ತುಂಬಿರಲಿಲ್ಲ.

ಈ ವರ್ಷ ವೇದಿಕೆಯ ಪಕ್ಕದಲ್ಲಿ ಒಂದು ಸೆರೆಕೋಣೆ ನಿಂತಿತ್ತು. ಬಡಗಿ ನೂರಿ, ತಾನೇ ಆರು ವರ್ಷ ಒಳಗಿದ್ದವನು, ನೆನಪಿನ ಅಳತೆಯಿಂದ ಅದನ್ನು ಕಟ್ಟಿದ್ದ. ಬಾಗಿಲಿಗೆ ಗುಜರಿಯಿಂದ ತಂದ ಜೈಲಿನ ಅಸಲಿ ಬೀಗವನ್ನೇ ಕೂರಿಸಿದ್ದ.

ಈ ಸಲ ಸರ್ಕಾರದಿಂದ ಬಂದ ಉಪಾಧಿಕಾರಿ ಶೆದ್ಲಿಯವರು ಭಾಷಣ ಮುಗಿಸಿ ಗಡಿಯಾರ ನೋಡಿಕೊಂಡು ಆ ಕೋಣೆಯೊಳಗೆ ಹೋದರು, ಫೋಟೋದವನ ಕಡೆ ತಿರುಗಿ, "ಬಾಗಿಲು ಎಳ್ಕೊಂಡ್ರೆ ಚೆನ್ನಾಗಿ ಬರುತ್ತೆ ಅಲ್ವೇನಯ್ಯ?" ಎಂದು ತಾವೇ ಎಳೆದುಕೊಂಡರು. ಬೀಗ ಕಟಕ್ಕೆಂದಿತು.

"ಬೀಗದಕೈ ಎಲ್ಲಿ?" ಎಂದು ಸಂಘದ ಅಧ್ಯಕ್ಷ ಹಮ್ಮಾದಿ ಕೇಳಿದ.

ಮಾಜಿ ಕೈದಿಗಳೆಲ್ಲ ನೂರಿಯ ಕಡೆ ತಿರುಗಿದರು. ನೂರಿ ತಲೆ ಕೆರೆದುಕೊಂಡ. "ಬೀಗದಕೈ ಯಾವತ್ತು ನಮ್ಮ ಹತ್ರ ಇತ್ತು ಸೀ ಹಮ್ಮಾದಿ, ಹೇಳಿ ಸಾಹೇಬ್ರೇ? ನನಗೆ ಹೊಳೀಲೇ ಇಲ್ಲ."

ಅವನು ಉಪಕರಣ ತರಲು ಅಂಗಡಿಗೆ ಓಡಿದ. ಅಂಗಡಿ ಬೆಟ್ಟದ ಬುಡದಲ್ಲಿತ್ತು. ಓಟ ಮಾತ್ರ ಅವನ ವಯಸ್ಸಿಗೆ ತಕ್ಕಂತೆ ನಿಧಾನ.

ಬೇರೆ ಯಾವ ಊರಿನವರಾದರೂ ಬಾಗಿಲನ್ನು ನಾಲ್ಕು ಒದೆ ಒದೆಯುತ್ತಿದ್ದರು. ಆದರೆ ಹಮ್ಮಾದಿ ಬಂಧಿತರ ಹಕ್ಕುಗಳಿಗಾಗಿ ಮೂವತ್ತು ವರ್ಷ ಗಂಟಲು ಹರಿದುಕೊಂಡವನು. "ಯಾರೂ ಮುಟ್ಬೇಡಿ!" ಎಂದು ಕೈಯೆತ್ತಿದ. "ಮನುಷ್ಯ ಒಳಗಿದ್ದಾನೆ. ಮೊದಲು ಅವನ ಹಕ್ಕು ಓದಿ ಹೇಳಿ. ವಕೀಲರನ್ನ ಕರೀರಿ, ವೈದ್ಯರನ್ನ ಕರೀರಿ."

"ನನಗೆ ಹೊರಗೆ ಬಂದ್ರೆ ಸಾಕಪ್ಪ!" ಎಂದರು ಶೆದ್ಲಿ, ಅನ್ನ ನೂಕುವ ಕಿಂಡಿಯಿಂದ.

"ಎಲ್ಲರೂ ಹಾಗೇ ಅನ್ನೋದು," ಎಂದು ಹಿಂದಿನ ಸಾಲಿನಿಂದ ಒಬ್ಬ ಸಮಾಧಾನ ಹೇಳಿದ.

ಸಭೆಯಲ್ಲಿದ್ದ ಏಕೈಕ ವೈದ್ಯ ಹಲ್ಲಿನವನು. ಕಿಂಡಿಯಿಂದ ಬಾಯಿ ತೆಗೆಸಿ ದೀಪ ಹಿಡಿದು ನೋಡಿದ. "ಕೆಳಗಡೆ ಎಡಕ್ಕೆ ಒಂದು ಹಲ್ಲು ಹುಳುಕಾಗಿದೆ. ಆದ್ರೆ ಅದು ಬಂಧನಕ್ಕಿಂತ ಮೊದಲಿಂದು, ನಾನು ಬೇಕಾದ್ರೆ ಸಾಕ್ಷಿ ಹೇಳ್ತೀನಿ."

ಮನೆಯವರಿಗೆ ತಿಳಿಸುವುದು ಕಾನೂನು. ಹಮ್ಮಾದಿ ಫೋನು ಮಾಡಿದ. ಉಪಾಧಿಕಾರಿಗಳ ಹೆಂಡತಿ ಕೇಳಿಸಿಕೊಂಡು, "ಅಲ್ಲೇ ಇರ್ಲಿ ಬಿಡಿ, ನೆಲ ತೊಳೆದಿದ್ದೀನಿ. ಒಣಗೋವರ್ಗೂ ಇಟ್ಕೊಳ್ಳಿ," ಎಂದು ಇಟ್ಟುಬಿಟ್ಟಳು.

ಊಟದ ಪ್ರಶ್ನೆ ಬಂತು. ರೊಟ್ಟಿಗೆ ಹರಿಸ್ಸಾ ಖಾರ ಸವರುತ್ತಿದ್ದವನ ಕೈಯನ್ನು ಪಕ್ಕದವನು ಹಿಡಿದ. "ತೆಳ್ಳಗೆ ಹಚ್ಚೋ ಮಾರಾಯ! ನಾಳೆ ಚಿತ್ರಹಿಂಸೆ ಅಂತ ಪತ್ರಿಕೇಲಿ ಬರುತ್ತೆ."

ವಕೀಲೆ ಇಶ್ರಾಕ್ ಕಿಂಡಿಯ ಬಳಿ ಎರಡು ನಿಮಿಷ ಪಿಸುಮಾತಾಡಿ, ತಿರುಗಿ ನಿಂತು, ತನ್ನದೇ ಸಂಘದ ಮೇಲೆ ಹರಿಹಾಯ್ದಳು. "ನನ್ನ ಕಕ್ಷಿದಾರರನ್ನ ಯಾವ ಆರೋಪದ ಮೇಲೆ ಹಿಡಿದಿದ್ದೀರಿ?"



"ಆರೋಪ ಇಲ್ಲ," ಎಂದ ಹಮ್ಮಾದಿ. "ಆರೋಪವಿಲ್ಲದ ಬಂಧನ! ನನ್ನ ಅಧ್ಯಕ್ಷತೇಲಿ!" ತಲೆಯ ಮೇಲೆ ಕೈಹೊತ್ತು ಕುಳಿತ.

ಈ ಗದ್ದಲದಲ್ಲಿ ಮಬ್ರೂಕಾಳ ಕಣ್ಣಿಗೆ ಬಿದ್ದದ್ದು ಬೇರೆಯೇ. ಸರ್ಕಾರದವನೊಬ್ಬ ಕುಳಿತಿದ್ದಾನೆ, ಎದ್ದು ಹೋಗಲಾರ. ಅವಳು ಸರದಿಗೆ ಕಾಯಲಿಲ್ಲ. ಕುರ್ಚಿಯೊಂದನ್ನು ಎಳೆದು ತಂದು ಕಿಂಡಿಯ ಮುಂದೆ ಹಾಕಿಕೊಂಡಳು.

"ಸೀ ಶೆದ್ಲಿ, ತುರ್ತು ಕೆಲಸ ಏನಾದ್ರೂ ಇದೆಯಾ?"

"ಇತ್ತು ಲಲ್ಲಾ, ಇತ್ತಮ್ಮ," ಎಂದರು ಅವರು ದೀನವಾಗಿ.

"ಹಾಗಾದ್ರೆ ಕೇಳಿ."

ಅವಳು ಹೇಳಿದಳು. ಇಪ್ಪತ್ಮೂರು ವರ್ಷದ ಹುಡುಗ. ಗೋಡೆಗೆ ಅಂಟಿಸಿದ ಒಂದು ಭಿತ್ತಿಪತ್ರ. ಮೂರನೆಯ ದಿನ ಮೊಳೆ ಹೊಡೆದ ಶವಪೆಟ್ಟಿಗೆ. ಮೆಟ್ಟಿಲಿಂದ ಬಿದ್ದ ಎಂದು ಪೊಲೀಸರು ಬರೆದುಕೊಟ್ಟಿದ್ದರು. ಆ ಠಾಣೆಗೆ ಮಹಡಿ ಇರಲಿಲ್ಲ, ನೆಲಮಾಳಿಗೆಯೂ ಇರಲಿಲ್ಲ. ಹೊಸ್ತಿಲಿಗೆ ಕೂಡ ಮೆಟ್ಟಿಲಿರಲಿಲ್ಲ. ತಾಯಿ ಸಾಯುವವರೆಗೂ ಆ ಬೀದಿಗೆ ಹೋಗಿ ನಿಂತು ಮೆಟ್ಟಿಲು ಹುಡುಕುತ್ತಿದ್ದಳು.

ಕಿಂಡಿಯಲ್ಲಿ ಎರಡು ಕಣ್ಣುಗಳಿದ್ದವು. ಅವು ಗಡಿಯಾರದ ಕಡೆ ಹೋಗಲಿಲ್ಲ.

ನೂರಿ ಏದುಸಿರು ಬಿಡುತ್ತ ಬಂದ. ಬೀಗದ ಗೋಜಿಗೆ ಹೋಗದೆ ತಿರುಪುಳಿ ಹಾಕಿ ಕೀಲುಗಳನ್ನು ಬಿಚ್ಚಿದ. ಬಾಗಿಲು ಅನಾಮತ್ತಾಗಿ ಅವನ ತೋಳಿಗೆ ಬಂತು, ಉಪಾಧಿಕಾರಿಗಳು ಹೊರಕ್ಕೆ ಬಂದರು. ಬೆವರಿನಿಂದ ಅವರ ಅಂಗಿ ಮೈಗಂಟಿತ್ತು.

ಹಮ್ಮಾದಿ ಮೈಕಿನ ಮುಂದೆ ನೆಟ್ಟಗೆ ನಿಂತ. "ನಮ್ಮ ಸಂಘ ತಮ್ಮನ್ನು ಆರೋಪವಿಲ್ಲದೆ, ನ್ಯಾಯಾಧೀಶರ ಆಜ್ಞೆಯಿಲ್ಲದೆ ನಲವತ್ತೊಂದು ನಿಮಿಷ ಬಂಧಿಸಿಟ್ಟಿತು. ಇದು ಅಪರಾಧ. ನಾವು ಒಪ್ಪಿಕೊಳ್ಳುತ್ತೇವೆ, ಕ್ಷಮೆ ಕೇಳುತ್ತೇವೆ. ಇನ್ನೊಮ್ಮೆ ಆಗುವುದಿಲ್ಲ." ಸಭೆ ಎದ್ದು ನಿಂತಿತು. ಇಶ್ರಾಕ್ ಕಕ್ಷಿದಾರರ ಕೈ ಕುಲುಕಿದಳು.

"ಅಯ್ಯೋ, ಪರವಾಗಿಲ್ಲ, ಪರವಾಗಿಲ್ಲ," ಎನ್ನುತ್ತ ಶೆದ್ಲಿ ಬಾಗಿಲ ಕಡೆ ನಡೆದರು.

ಮಬ್ರೂಕಾ ಅಡ್ಡ ನಿಂತಳು. "ನಲವತ್ತೊಂದು ನಿಮಿಷದ ತಪ್ಪಿಗೆ ನಾವು ಆ ಕ್ಷಣಕ್ಕೇ ಕ್ಷಮೆ ಕೇಳಿದ್ವಿ. ನಮ್ಮದು ತೀರ್ತು. ನಿಮ್ಮದು?"

"ಲಲ್ಲಾ, ಸರ್ಕಾರದ ಪರವಾಗಿ ಮಾತಾಡೋ ಅಧಿಕಾರ ನನಗಿಲ್ಲ."

"ನಿಮ್ಮ ಪರವಾಗಿ ಮಾತಾಡೋಕೆ ಯಾರ ಅಪ್ಪಣೆ ಬೇಕು? ಹೆಂಡ್ತೀದಾ?"

ಸಭೆ ಘೊಳ್ಳೆಂದಿತು. ಶೆದ್ಲಿ ನಗಲಿಲ್ಲ. ಬಾಗಿಲಿಗೂ ಮೈಕಿಗೂ ನಡುವೆ ಸ್ವಲ್ಪ ಹೊತ್ತು ನಿಂತಿದ್ದು, ಮೈಕಿನ ಬಳಿಗೆ ಹೋದರು.

"ನಡೆದ ಘಟನೆಗೆ ನನಗೆ ವಿಷಾದವಿದೆ," ಎಂದರು.

"ಘಟನೆಗೊಂದು ಹೆಸರಿದೆ," ಎಂದಳು ಮಬ್ರೂಕಾ.

ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಬೆಲ್ಗಾಸೆಮ್. ಅವನು ಬೀಳಲಿಲ್ಲ. ಕೊಂದರು. ತಪ್ಪಾಯಿತು."

ಅಷ್ಟು ಹೇಳಿ ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಕಾರಿನ ಸದ್ದು ಇಳಿಜಾರಿನಲ್ಲಿ ಕರಗುವವರೆಗೆ ಮಬ್ರೂಕಾ ನಿಂತೇ ಇದ್ದಳು. ಆಮೇಲೆ ಹಮ್ಮಾದಿಯ ಕಡೆ ತಿರುಗಿದಳು.

"ಅವರ ಪಾಲಿಂದು ಸಂದಾಯ ಆಯ್ತು ಅಂತ ಬರ್ಕೊಳ್ಳಿ. ಸರ್ಕಾರದ್ದು ಬಾಕಿ ಇದೆ."