ಬಾಲ ಉಳಿಸಿಕೊಂಡ ಸೀಮೆಹಸು

ನಾನು ಒಂದು ಸೀಮೆಹಸು. ಮಾಲೂರಿನ ಕಡೆ, ಬೈರಾರೆಡ್ಡಿ ಎಂಬವರ ದೊಡ್ಡ ಡೇರಿಯಲ್ಲಿ ಹುಟ್ಟಿದೆ. ಅಮ್ಮ ನನ್ನನ್ನು ನೆಕ್ಕಿ ನೆಕ್ಕಿ ಒಣಗಿಸಿದಳು. ನಡುಗುತ್ತಾ ಎದ್ದು, ಕೆಚ್ಚಲು ಹುಡುಕಿಕೊಂಡು ಹಿಂದಕ್ಕೆ ಹೋದರೆ ಅವಳಿಗೆ ಬಾಲವೇ ಇರಲಿಲ್ಲ. ಗೇಣುದ್ದದ ಮೋಟು ಇತ್ತು, ಅಷ್ಟೆ. ಅಲ್ಲಿನ ದೊಡ್ಡ ಹಸುಗಳಿಗೆಲ್ಲ ಮೋಟೇ. ವಯಸ್ಸಾದಂತೆ ಬಾಲ ತಾನಾಗಿ ಸಣ್ಣದಾಗುತ್ತದೆ ಎಂದುಕೊಂಡೆ.

ನೊಣಗಳು ಮುತ್ತಿದಾಗ ಅಮ್ಮನ ಮೋಟು ಅಲ್ಲಾಡುತ್ತಿತ್ತು, ನೊಣ ಮಾತ್ರ ಏಳುತ್ತಿರಲಿಲ್ಲ. ಅವಳು ಕಾಲು ಝಾಡಿಸುವಳು, ಕತ್ತು ತಿರುಗಿಸಿ ಪಕ್ಕೆಗೆ ತಲೆ ಬಡಿಯುವಳು, ಮೇವನ್ನು ಅರ್ಧಕ್ಕೇ ಬಿಡುವಳು.

ಬಾಲ ಹೇಗೆ ಹೋಗುತ್ತದೆಂದು ನನಗೆ ತಿಳಿದದ್ದು ಮೊದಲ ಗಬ್ಬ ನಿಂತಾಗ. ಮ್ಯಾನೇಜರ್ ಪ್ರಸನ್ನ ಗಬ್ಬದ ಕಡಸುಗಳ ಬಾಲಕ್ಕೆ, ಬುಡದಿಂದ ಗೇಣು ಬಿಟ್ಟು, ಬಿಗಿಯಾದ ರಬ್ಬರ್ ಉಂಗುರ ತೊಡಿಸುತ್ತಿದ್ದ. ರಕ್ತ ಹರಿಯದೆ ಬಾಲ ಸತ್ತು, ಕೆಲವು ವಾರಗಳಲ್ಲಿ ಉದುರುತ್ತಿತ್ತು. ಪ್ರಸನ್ನ ಕೆಟ್ಟವನಲ್ಲ. ಬಾಲಕ್ಕೆ ಮೆತ್ತಿದ ಸಗಣಿ ಕೆಚ್ಚಲಿಗೆ ತಾಗಿ ಹಾಲು ಕೆಡುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದ. ನನ್ನ ಪಕ್ಕದ ಕಡಸಿಗೆ ಉಂಗುರ ಬಿದ್ದ ದಿನ ಅದು ಮಲಗಲಾರದೆ, ನಿಲ್ಲಲಾರದೆ ಒದ್ದಾಡಿತು. ಮಾರನೆಯ ದಿನ ನನ್ನ ಸರದಿ.

ಬೆಳಿಗ್ಗೆ ಹಾಲು ಕರೆಯುವ ಮುನಿಲಕ್ಷ್ಮಮ್ಮ ನನ್ನನ್ನು ಕಂಬಕ್ಕೆ ಕಟ್ಟಿ, ಬೇರೆಲ್ಲೋ ನೋಡುತ್ತಾ ನಿಂತಳು. ಅದೇ ಹೊತ್ತಿಗೆ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಫರ್ಜಾನಾ ಲಸಿಕೆ ಹಾಕಲು ಒಳಗೆ ಬಂದರು. ಪ್ರಸನ್ನನ ಕೈಯಲ್ಲಿದ್ದ ಉಂಗುರ ಅವರ ಕಣ್ಣಿಗೆ ಬಿತ್ತು.

"ಏನ್ರೀ ಅದು?"

"ಬಾಲಕ್ಕೆ ಮೇಡಂ."

"ಹಾಕ್ಬೇಡಿ. ಅದು ಅಪರಾಧ. ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಕೇಸಾಗುತ್ತೆ."

ಮಾತು ಕೇಳಿ ರೆಡ್ಡಿಯವರೇ ಬಂದರು. "ನನ್ನ ಹಸು ಮೇಡಂ. ಅದರ ಬಾಲಾನೂ ನಂದೇ ಅಲ್ವಾ? ಕೊಂಬು ಸುಡ್ತೀವಿ, ಮೂಗುದಾರ ಹಾಕ್ತೀವಿ. ಅದಕ್ಕಿಲ್ದಿರೋ ಕಾನೂನು ಬಾಲಕ್ಕೆ ಎಲ್ಲಿಂದ ಬಂತು?"

"ಕೊಂಬಿಗೆ, ಮೂಗುದಾರಕ್ಕೆ ಕಾಯ್ದೇಲೇ ವಿನಾಯಿತಿ ಇದೆ ರೆಡ್ಡಿಯವರೇ. ಬಾಲಕ್ಕಿಲ್ಲ. ಹಸು ನಿಮ್ದೇ, ಸರಿ. ನೋವು ಅದರದು."

"ಹಾಲಿಗೆ ಸಗಣಿ ಬಿದ್ರೆ ನೀವು ಬಂದು ಸೋಸ್ತೀರಾ?"

ಡಾಕ್ಟರಮ್ಮ ರೇಗಲಿಲ್ಲ. ಮುನಿಲಕ್ಷ್ಮಮ್ಮನಿಂದ ಕತ್ತರಿ ತರಿಸಿಕೊಂಡು ನನ್ನ ಬಾಲದ ತುದಿಯ ಉದ್ದ ಕೂದಲನ್ನು ಕತ್ತರಿಸಿದರು. ಒಂದಿಷ್ಟೂ ನೋಯಲಿಲ್ಲ. "ಹಿಂಗೆ ಕೂದಲು ಕತ್ತರಿಸಿ. ಕೆಚ್ಚಲು ತೊಳೀರಿ, ನೆಲ ಒಣಗಿಸಿಡಿ. ಹಾಲು ಶುದ್ಧವಾಗಿರುತ್ತೆ." ಆಮೇಲೆ ರೆಡ್ಡಿಯವರನ್ನು ಅಮ್ಮನ ಬಳಿಗೆ ಕರೆದುಕೊಂಡು ಹೋದರು. "ಸ್ವಲ್ಪ ಹೊತ್ತು ಇಲ್ಲೇ ನಿಂತು ನೋಡಿ."

ರೆಡ್ಡಿಯವರು ನಿಂತರು. ಅಮ್ಮನ ಮೋಟು ಆಡಿತು, ನೊಣ ಏಳಲಿಲ್ಲ. ಅಮ್ಮ ಬಾಯಲ್ಲಿದ್ದ ಮೇವು ಬಿಟ್ಟು ಕಾಲು ಝಾಡಿಸಿದಳು. ದಿನಾ ಓಡಾಡುವ ಕೊಟ್ಟಿಗೆಯಲ್ಲಿ ಅವರು ಅದನ್ನು ನಿಂತು ನೋಡಿದ್ದು ಅದೇ ಮೊದಲು. ತಾವೇ ಕೈಯಿಂದ ಒಂದು ಸಲ ನೊಣ ಓಡಿಸಿದರು. ಮತ್ತೆ ಬಂದು ಕೂತವು.

ಹಿಂದಿರುಗಿ ಬಂದು ಪ್ರಸನ್ನನ ಕೈಯಿಂದ ಉಂಗುರ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. "ಈ ಸಲ ಬೇಡ ಬಿಡಪ್ಪ," ಎಂದರು. ಮುಂದಿನ ಸಲ ಎಂಬುದು ಬರಲೇ ಇಲ್ಲ. ಪಕ್ಕದ ಕಡಸಿನ ಉಂಗುರವನ್ನು ಡಾಕ್ಟರಮ್ಮ ಆಗಲೇ ಕತ್ತರಿಸಿ ತೆಗೆದರು. ಅದರ ಬಾಲವೂ ಉಳಿಯಿತು. ಅಮ್ಮನ ಬಾಲ ಮರಳಿ ಬರುವಂತಿರಲಿಲ್ಲ. ಅವಳಿದ್ದ ಸಾಲಿಗೆ ರೆಡ್ಡಿಯವರು ಫ್ಯಾನು ಹಾಕಿಸಿದರು.

ಕರುಗಳನ್ನು ಹಾಕಿದೆ, ಹಾಲು ಕೊಟ್ಟೆ, ವಯಸ್ಸಾಯಿತು. ಡೇರಿಯಿಂದ ಕಳಿಸುವ ಕಾಲ ಬಂದಾಗ ಮುನಿಲಕ್ಷ್ಮಮ್ಮ ರೆಡ್ಡಿಯವರನ್ನು ಕೇಳಿ ನನ್ನನ್ನು ತನ್ನ ಮನೆಗೆ ಹೊಡೆದುಕೊಂಡು ಬಂದಳು. ಕಿವಿಯ ಓಲೆಯಲ್ಲಿ ಬರೀ ನಂಬರಿದ್ದ ನನಗೆ ಸುಬ್ಬಿ ಎಂದು ಹೆಸರಿಟ್ಟಳು. ಮೈ ತೊಳೆಯುವಾಗ ಒಮ್ಮೊಮ್ಮೆ ನನ್ನ ಬಾಲ ಅವಳ ಕೆನ್ನೆಗೆ ಪಟೀರೆಂದು ಬಡಿಯುತ್ತದೆ. "ಏಯ್ ಸುಬ್ಬೀ, ನಂಗೇ ಹೊಡೀತೀಯೇನೇ? ತಾಳು, ಆ ಡಾಕ್ಟ್ರಮ್ಮನಿಗೆ ಹೇಳ್ತೀನಿ!" ಎಂದು ನಗುತ್ತಾಳೆ.

ಕಾನೂನನ್ನು ನಾನು ಕಣ್ಣಾರೆ ಕಂಡಿಲ್ಲ. ಅದು ಎಲ್ಲಿರುತ್ತದೋ, ಏನು ತಿನ್ನುತ್ತದೋ ತಿಳಿಯದು. ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದಾಗ ಮಾತ್ರ ಅದು ನಮ್ಮ ಕೊಟ್ಟಿಗೆಯವರೆಗೆ ನಡೆದು ಬರುತ್ತದೆ. ಅಷ್ಟು ಗೊತ್ತು.

ಈಗ ನನಗೆ ಹೊಂಗೆ ಮರದ ನೆರಳಿದೆ, ಸಂಜೆಗೆ ಕೆರೆಯ ನೀರಿದೆ. ಹಿಂದಿರುಗುವಾಗ ಕೆರೆ ಏರಿ ಹತ್ತಬೇಕು. ಮುನಿಲಕ್ಷ್ಮಮ್ಮನಿಗೆ ಮಂಡಿನೋವು. "ನಿಧಾನಕ್ಕೆ ಹತ್ತೇ ತಾಯಿ," ಎಂದು ನನ್ನ ಬಾಲ ಹಿಡಿದುಕೊಳ್ಳುತ್ತಾಳೆ. ನಾನು ಒಂದೊಂದೇ ಹೆಜ್ಜೆ ಊರಿ, ಅವಳನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತೇನೆ.