ಮೇಲಿನ ಹಲ್ಲು

ಗಂಜಿಯ ಚಮಚ ಟಕ್ಕೆಂದಿತು. "ಬಂತು ನೋಡೇ ಹಲ್ಲು, ಕಳ್ಳಿಗೆ!" ಎಂದು ಅಜ್ಜಿ ನಗುತ್ತ ಮೊಮ್ಮಗಳ ತುಟಿ ಎತ್ತಿದಳು. ನಗು ಅಲ್ಲೇ ನಿಂತಿತು. ಹಲ್ಲು ಮೂಡಿದ್ದು ಮೇಲಿನ ವಸಡಿನಲ್ಲಿ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಗಂಡಾಂತರವಂತೆ. ಕೆಳಗಿನ ವಸಡು ಸೀಳಿ ಅಲ್ಲೂ ಹಲ್ಲು ಬರಿಸಿದರೆ ದೋಷ ಕಳೆಯುತ್ತದಂತೆ. ಸೀಳುವವಳು ಮೂಲೆಮನೆಯ ಸೂಲಗಿತ್ತಿ. ಬೀದಿಯ ಮಕ್ಕಳಿಗೆಲ್ಲ ಅವಳದು ಒಂದೇ ಸೂಜಿ. ಇದನ್ನು ನಂಬಿಕೆ ಎನ್ನುವವರು ಆ ಸೂಜಿಯನ್ನೊಮ್ಮೆ ನೋಡಬೇಕು.

ಅಜ್ಜಿ ಅಷ್ಟಕ್ಕೂ ಕಾಯಲಿಲ್ಲ. ಸೊಸೆ ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಹೆಬ್ಬೆರಳಿನಿಂದ ಕೆಳವಸಡಿಗೆ ಉಪ್ಪು ತಿಕ್ಕಿಯಾಗಿತ್ತು. ಮಗು ಮೊಲೆಗೆ ಬಾಯಿ ಹಚ್ಚಲಿಲ್ಲ. ಜೊಲ್ಲಿನಲ್ಲಿ ರಕ್ತವಿತ್ತು. ಬೆಳಗಾಗುವುದರೊಳಗೆ ಜ್ವರ.

"ಮೇಲೆ ಬಂದ್ರೂ ಕೆಳಗೆ ಬಂದ್ರೂ ಹಲ್ಲು ಹಲ್ಲೇ," ಎಂದರು ಆಸ್ಪತ್ರೆಯ ಡಾಕ್ಟರಮ್ಮ, ಸೊಸೆ ಹೇಳಿದ್ದನ್ನೆಲ್ಲ ಕೇಳಿ ಔಷಧಿ ಬರೆಯುತ್ತ. "ಶುಭ್ರವಾದ ಒದ್ದೆ ಬಟ್ಟೇಲಿ ಮೆತ್ತಗೆ ಒರೆಸಿ, ಸಾಕು. ಈ ಹುಣ್ಣಿಗೆ ಸೂಜಿ ತಾಗಿಸಿದ್ರೆ ನಂಜು ರಕ್ತಕ್ಕೆ ಇಳಿಯುತ್ತೆ. ಆಮೇಲೆ ನಮ್ಮ ಕೈಲೂ ಆಗಲ್ಲ."

ಸೊಸೆ ಮಗುವನ್ನೆತ್ತಿಕೊಂಡು ಮನೆಗೆ ಬಂದರೆ ಸೂಲಗಿತ್ತಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಗುವಿನ ಸೋದರಮಾವ, ಲಾರಿ ಓಡಿಸುವ ಸೊಸೆಯ ತಮ್ಮ. ಇವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ.

"ಅಕ್ಕಾ, ಒಂದು ಗೀರು ತಾನೇ," ಎಂದ, ನೆಲ ನೋಡುತ್ತ. "ನನಗೂ ಹೆಂಡ್ತಿ ಮಕ್ಕಳಿದ್ದಾರೆ."

"ಡಾಕ್ಟರು ಬೇಡ ಅಂದ್ರು."

"ಅವರಿಗೇನು, ಸಾಯೋನು ಅವರ ತಮ್ಮನಲ್ಲವಲ್ಲ!" ಅಜ್ಜಿ ಗದರಿದಳು. ಗಂಡ "ಅಮ್ಮ ಹೇಳ್ದಂಗೆ ಮಾಡು" ಎಂದು ಹೊರಗೆ ಹೋಗಿ ನಿಂತ.

ಸೊಸೆ ಮಗುವನ್ನು ಇನ್ನಷ್ಟು ಅವಚಿಕೊಂಡಳು. "ಲಾರಿ ಬ್ರೇಕು ಹಿಡಿಯಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲೋ. ಅದನ್ನ ರಿಪೇರಿ ಮಾಡ್ಸೋಕೆ ನನ್ನ ಕೂಸಿನ ಬಾಯಿ ಕುಯ್ಯಬೇಕಾ?"

ಸೂಲಗಿತ್ತಿ ಮುಸಿನಕ್ಕಳು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅಕ್ಕ ತಿರುಗಿ ಕರೆಯಲಿಲ್ಲ.

"ನಾಳೆ ಅವನಿಗೇನಾದ್ರೂ ಆದ್ರೆ?" ಅಜ್ಜಿ ಅವನು ಹೋದ ದಾರಿ ನೋಡಿದಳು.

"ಆದ್ರೆ ಅಳ್ತೀನಿ ಅತ್ತೆ. ನಿಮಗಿಂತ ಜಾಸ್ತಿ ಅಳ್ತೀನಿ. ತಪ್ಪು ಮಾತ್ರ ಹಲ್ಲಿನ ಮೇಲೆ ಹಾಕಲ್ಲ." ಅವಳು ಸೂಲಗಿತ್ತಿಯತ್ತ ತಿರುಗಿದಳು. "ಏಳಮ್ಮಾ. ನಾಳೆ ಎದುರುಮನೆಯವರು ಕರೆದ್ರೂ ಸೂಜಿ ತರಬೇಡ. ಆ ಬಾಗಿಲಲ್ಲೂ ನಾನೇ ನಿಂತಿರ್ತೀನಿ."